ಕೊಳೆಬಟ್ಟೆಗೊಂದು ಲಾಡಿಚೀಲ



ಮನೆಯನ್ನು ಒಪ್ಪವಾಗಿ ಇಟ್ಟುಕೊಳ್ಳಬೇಕೆಂಬ ಆಸೆ ನಮಗೆಲ್ಲರಿಗೂ ಇದೆ. ಪಡಸಾಲೆಯನ್ನು ಗುಡಿಸಿ ಒರೆಸುತ್ತೇವೆ, ಬಾಗಿಲ ಮುಂದೆ ರಂಗೋಲಿ ಇಡುತ್ತೇವೆ, ಅಡಿಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತೇವೆ. ಆದರೆ ಮನೆಯವರು ಮೈಮೇಲಿಂದ ತೆಗೆದ ಬಟ್ಟೆ, ಒಗೆಯುವ ಹೊತ್ತು ಬರುವ ತನಕ ಎಲ್ಲಿರಬೇಕು ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಸರಿಯಾದ ಉತ್ತರ ಸಿಕ್ಕುವುದಿಲ್ಲ. ಯಜಮಾನರ ಅಂಗಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರುತ್ತದೆ. ಮಗನ ಕಾಲುಚೀಲ ಒಂದು ಮಂಚದ ಕೆಳಗೆ, ಇನ್ನೊಂದು ಮೇಜಿನ ಕೆಳಗೆ. ಮಗಳ ದುಪಟ್ಟಾ ಕುರ್ಚಿಯ ಬೆನ್ನಿನ ಮೇಲೆ. ಅಜ್ಜನವರ ಪಂಚೆ ಬಚ್ಚಲುಮನೆಯ ಕಿಟಕಿಯ ಸರಳಿಗೆ. ಒಗೆಯುವ ದಿನ ಬಂತೆಂದರೆ ಮನೆಯೊಡತಿ ಬಕೆಟ್ಟು ಹಿಡಿದು ಕೋಣೆಯಿಂದ ಕೋಣೆಗೆ ಹೊರಡಬೇಕು, ಹಬ್ಬದ ದಿನ ವಂತಿಗೆ ಎತ್ತುವವರು ಮನೆಯಿಂದ ಮನೆಗೆ ಹೊರಟ ಹಾಗೆ.

ಈಗ ಅನೇಕ ಮನೆಗಳಿಗೆ ಬಟ್ಟೆ ಒಗೆಯುವ ಯಂತ್ರ ಬಂದಿದೆ. ಬಂದದ್ದು ಒಳ್ಳೆಯದೇ ಆಯಿತು. ಸೊಂಟದ ನೋವು ಕಡಿಮೆಯಾಯಿತು. ಆದರೆ ಯಂತ್ರ ಒಗೆಯುತ್ತದೆ, ಹಿಂಡುತ್ತದೆ, ಅಷ್ಟೇ. ಮಂಚದ ಕೆಳಗೆ ಬಗ್ಗಿ ಕಾಲುಚೀಲದ ಜೊತೆಯನ್ನು ಹುಡುಕಿ ತರುವ ಕೆಲಸ ಇನ್ನೂ ನಮ್ಮ ಪಾಲಿಗೇ ಉಳಿದಿದೆ. ಆ ಕೆಲಸವನ್ನು ಹಗುರ ಮಾಡುವ ಒಂದು ಸಣ್ಣ ಸಾಧನದ ವಿಚಾರವನ್ನು ನಿಮ್ಮ ಮುಂದೆ ಇಡುತ್ತೇನೆ. ಅದೇ ಬಾಯಿಗೆ ಲಾಡಿ ಹಾಕಿದ ಬಟ್ಟೆಯ ಚೀಲ. ಇದನ್ನು ಹೇಗೆ ಹೊಲಿಯಬೇಕು, ಅದರ ಮೇಲೆ ಏನು ಚಿತ್ತಾರ ತೆಗೆಯಬೇಕು, ಆ ಚಿತ್ತಾರ ಬರಿಯ ಚೆಲುವಿಗೆ ಮಾತ್ರವಲ್ಲದೆ ಇನ್ನಾವ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಹೇಳಬೇಕೆಂದಿದ್ದೇನೆ.

ಲಾಡಿ ಎಳೆದು ಬಾಯಿ ಮುಚ್ಚುವ ಚೀಲ ನಮಗೆ ಹೊಸದೇನೂ ಅಲ್ಲ. ಎಲೆ ಅಡಿಕೆ ಮೆಲ್ಲುವ ಹಿರಿಯರ ಸೊಂಟದಲ್ಲಿ ಇರುತ್ತಿದ್ದ ಸಂಚಿ ಇದೇ ಜಾತಿಯದು. ಉತ್ತರ ಕರ್ನಾಟಕದವರು ಅದನ್ನು ಚಂಚಿ ಎನ್ನುತ್ತಾರೆ. ಅದರೊಳಗೆ ಎಲೆಗೆ ಒಂದು ಅರೆ, ಅಡಿಕೆಗೆ ಒಂದು ಅರೆ, ಸುಣ್ಣದ ಡಬ್ಬಿಗೆ ಇನ್ನೊಂದು. ಎರಡು ಕಡೆಯ ದಾರವನ್ನು ಒಟ್ಟಿಗೆ ಎಳೆದರೆ ಬಾಯಿ ಮುಚ್ಚಿತು. ಮೈಸೂರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ‘ಸಂಚಿಯ ಹೊನ್ನಮ್ಮ’ ಎಂದೇ ಕನ್ನಡ ಸಾಹಿತ್ಯದಲ್ಲಿ ನಿಂತಳು. ಒಂದು ಲಾಡಿಚೀಲ ಒಬ್ಬ ಕವಯಿತ್ರಿಯ ಹೆಸರಿನ ಮುಂದೆ ಬಿರುದಿನಂತೆ ಕುಳಿತಿರುವಾಗ ಅದನ್ನು ಅಲ್ಪವೆಂದು ಯಾರು ತಾನೇ ಹೇಳಬಲ್ಲರು? ನಾವು ಈಗ ಮಾಡಬೇಕಾದದ್ದು ಇಷ್ಟೇ. ಆ ಸಂಚಿಯನ್ನು ಹಿಗ್ಗಿಸಿ ಒಗೆಯುವ ಬಟ್ಟೆ ಹಿಡಿಸುವಷ್ಟು ದೊಡ್ಡದು ಮಾಡಿಕೊಳ್ಳುವುದು.

ಬಟ್ಟೆಯ ಚೀಲವೇ ಏಕೆ, ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಬುಟ್ಟಿ ಸಿಕ್ಕುತ್ತದಲ್ಲ ಎಂದು ನೀವು ಕೇಳಬಹುದು. ಕಾರಣವಿದೆ. ತೆಗೆದ ಬಟ್ಟೆಯಲ್ಲಿ ಬೆವರಿನ ಪಸೆ ಇರುತ್ತದೆ. ಬೆವರಿಗೆ ತಾನಾಗಿ ಹೆಚ್ಚು ವಾಸನೆಯಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದಾಗ ನಾತ ಹುಟ್ಟುತ್ತದೆ. ಪಸೆ ಆರದಂತೆ ಮುಚ್ಚಿಟ್ಟರೆ ಅವುಗಳಿಗೆ ಹಬ್ಬವೇ ಸರಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಪಾಡು ನಿಮಗೆ ಗೊತ್ತೇ ಇದೆ. ಎರಡು ದಿನ ಮುದುರಿ ಬಿದ್ದ ಹತ್ತಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹತ್ತಿಯ ಎಳೆ ಬೂಷ್ಟಿಗೆ ಆಹಾರ. ಗಂಜಿ ಹಾಕಿದ ಸೀರೆಯಾದರಂತೂ ಊಟದ ಜೊತೆಗೆ ಪಾಯಸವೂ ಸಿಕ್ಕಿದ ಹಾಗೆ. ಒಮ್ಮೆ ಬಿದ್ದ ಕರಿಯ ಚುಕ್ಕೆ ಎಷ್ಟು ತಿಕ್ಕಿದರೂ ಪೂರಾ ಹೋಗುವುದಿಲ್ಲ. ನೂಲಿನ ಚೀಲದ ಮೈಯಲ್ಲಿ ಗಾಳಿಯಾಡುತ್ತದೆ, ಪಸೆ ಸ್ವಲ್ಪವಾದರೂ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಅದು ಒಳಗೇ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರು. ಹಾಗಿರುವಾಗ ಮನೆಯೊಳಗೆ ಅದನ್ನು ಕೂಡಿಟ್ಟು ಬಟ್ಟೆ ತುಂಬುವುದು ಸೊಗಸಲ್ಲ.

ಆದರೆ ಬಟ್ಟೆಯ ಚೀಲವೆಂದು ನೆನೆದ ಟವಲನ್ನು ಅದರೊಳಗೆ ತುರುಕಬಾರದು. ಒದ್ದೆಯಾದುದನ್ನು ಮೊದಲು ಹಗ್ಗದ ಮೇಲೆ ಹರವಿ ಆರಿಸಿ, ಆಮೇಲೆ ಚೀಲಕ್ಕೆ ಹಾಕುವುದು. ಇದು ಮೊದಲನೆಯ ನಿಯಮ. ಚೀಲವನ್ನು ಕಬ್ಬಿಣದ ಮೊಳೆಗೆ ನೇತುಹಾಕದಿರುವುದು ಎರಡನೆಯದು. ಪಸೆಯಿರುವ ಬಟ್ಟೆಗೆ ತುಕ್ಕಿನ ಕಲೆ ಬೇಗ ಅಂಟುತ್ತದೆ. ಮರದ ಗೂಟವೋ ಹಿತ್ತಾಳೆಯ ಕೊಕ್ಕೆಯೋ ಲೇಸು.

ಇನ್ನು ಹೊಲಿಯುವ ವಿಚಾರಕ್ಕೆ ಬರೋಣ. ಇದಕ್ಕೆ ಹೊಸ ಬಟ್ಟೆಯನ್ನೇ ಕೊಳ್ಳಬೇಕೆಂದೇನೂ ಇಲ್ಲ. ಹಳೆಯ ನೂಲಿನ ಸೀರೆ, ಹಾಸಿಗೆಯ ಮೇಲುಹೊದಿಕೆ, ಕಿಟಕಿಯ ಪರದೆ ಯಾವುದಾದರೂ ಆದೀತು. ಸೀರೆಯಲ್ಲಿ ಬೇಗ ಸವೆಯುವುದು ಕೂರುವ ಕಡೆ ಮತ್ತು ಕಾಲಿಗೆ ತಾಗುವ ಅಂಚು. ಸೊಂಟದ ಒಳಗೆ ಸಿಕ್ಕಿಸುವ ತುದಿ ಅಷ್ಟು ಸವೆದಿರುವುದಿಲ್ಲ, ಸೆರಗಿನ ಬಳಿಯೂ ಗಟ್ಟಿಯಾದ ಭಾಗ ಸಿಕ್ಕುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳು ತೆಳುವಾಗಿ ಬೆಳಕು ತೂರುವಲ್ಲಿ ಕತ್ತರಿ ಹಾಕಬೇಡಿ. ಸೀರೆ ತೀರ ತೆಳುವಾಗಿದ್ದರೆ ಎರಡು ಪದರ ಮಾಡಿಕೊಳ್ಳಿ. ಕೌದಿ ಹೊಲಿಯುವವರು ಹಳೆಯ ಬಟ್ಟೆಯ ಪದರದ ಮೇಲೆ ಪದರವಿಟ್ಟು ಉದ್ದಕ್ಕೂ ಹೊಲಿಗೆ ಹಾಕಿ ಗಟ್ಟಿ ಮಾಡುವುದಿಲ್ಲವೇ, ಹಾಗೆಯೇ. ಹೊಸದೇ ಬೇಕೆನ್ನುವವರು ಖಾದಿಯನ್ನೋ ಮಾಂಜರಪಾಟನ್ನೋ ಕೊಳ್ಳಬಹುದು. ಆದರೆ ಹೊಸ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳತೆ ಹಾಕಬೇಕು. ಹತ್ತಿ ಬಟ್ಟೆ ಮೊದಲ ನೀರಿನಲ್ಲಿ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಹೊಲಿಗೆ ಸುಕ್ಕುಗಟ್ಟುತ್ತದೆ.

ದೊಡ್ಡವರೊಬ್ಬರ ಚೀಲಕ್ಕೆ ಹೊಲಿದ ಮೇಲೆ 18 ಅಂಗುಲ ಅಗಲ, 24 ಅಂಗುಲ ಎತ್ತರ ಇದ್ದರೆ ಸಾಕು. ಒಬ್ಬರ ನಾಲ್ಕೈದು ದಿನದ ಬಟ್ಟೆ ಸುಮಾರಾಗಿ ಇದರಲ್ಲಿ ಹಿಡಿಸುತ್ತದೆ. ಇದಕ್ಕಿಂತ ದೊಡ್ಡದು ಮಾಡುವ ಆಸೆಯನ್ನು ಬಿಡಿ. ತುಂಬಿದ ಚೀಲವನ್ನು ಎತ್ತಬೇಕಾದವರೂ ನಾವೇ. ಈ ಅಳತೆಗೆ 19 ಅಂಗುಲ ಅಗಲ, 52 ಅಂಗುಲ ಉದ್ದದ ಒಂದೇ ತುಂಡು ಬೇಕು. ಲೆಕ್ಕ ಹೀಗೆ: ಎರಡು ಪಕ್ಕಕ್ಕೆ ಅರ್ಧರ್ಧ ಅಂಗುಲ ಹೊಲಿಗೆಗೆ ಹೋಗುತ್ತದೆ, ಎರಡು ಕಡೆಯ ಬಾಯಿಗೂ ಎರಡೆರಡು ಅಂಗುಲ ಮಡಿಕೆಗೆ ಹೋಗುತ್ತದೆ. ತುಂಡನ್ನು ನಡುವೆ ಮಡಿಸಿದರೆ ಆ ಮಡಿಕೆಯೇ ಚೀಲದ ತಳ. ತಳದಲ್ಲಿ ಹೊಲಿಗೆಯಿಲ್ಲದ್ದರಿಂದ ಭಾರಕ್ಕೆ ಬಿಚ್ಚಿಕೊಳ್ಳುವ ಭಯವಿಲ್ಲ.

36 ಅಂಗುಲ ಅಗಲದ ಬಟ್ಟೆಯನ್ನು ಒಂದೂವರೆ ಮೀಟರು ತಂದಿರೆಂದು ಇಟ್ಟುಕೊಳ್ಳಿ. ದೊಡ್ಡ ಚೀಲಕ್ಕೆ 19 ಅಂಗುಲ ತೆಗೆದರೆ ಪಕ್ಕದಲ್ಲಿ ಸುಮಾರು 17 ಅಂಗುಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ 40 ಅಂಗುಲ ಉದ್ದ ಕತ್ತರಿಸಿಕೊಂಡರೆ 16 ಅಂಗುಲ ಅಗಲ, 18 ಅಂಗುಲ ಎತ್ತರದ ಮಗುವಿನ ಚೀಲವಾಗುತ್ತದೆ. ಬಟ್ಟೆಯ ಕೊನೆಯಲ್ಲಿ ಉಳಿದ ಐದಾರು ಅಂಗುಲದ ತುಂಡು ಎರಡು ಚೀಲಗಳ ತಳಕ್ಕೂ ಒಳಪಟ್ಟಿಯಾಗುತ್ತದೆ. ಬಿಸಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಕೆಲಸವನ್ನು ಕ್ರಮವಾಗಿ ಮಾಡಿ. ಮೊದಲು ಚಿತ್ತಾರ. ಅದರ ಮಾತನ್ನು ಆಮೇಲೆ ಹೇಳುತ್ತೇನೆ, ಆದರೆ ಕೈಗೆತ್ತಿಕೊಳ್ಳಬೇಕಾದದ್ದು ಮೊದಲು. ಚೀಲ ಹೊಲಿದಾದ ಮೇಲೆ ಒಳಗೆ ಕೈ ತೂರಿಸಿ ಸೂಜಿಯಾಡಿಸುವುದು ಕಷ್ಟ. ಎರಡನೆಯದಾಗಿ ತಳದ ಪಟ್ಟಿ. ತುಂಡಿನ ನಡುಗೆರೆಯನ್ನು ಗುರುತಿಸಿ, ಒಳಮೈಯಲ್ಲಿ ಪಟ್ಟಿಯನ್ನು ಆ ಗೆರೆಯ ಮೇಲೆ ಇಟ್ಟು, ಅದರ ಉದ್ದದ ಅಂಚುಗಳನ್ನು ಕಾಲಂಗುಲ ಒಳಕ್ಕೆ ಮಡಿಸಿ ಹೊಲಿಯಿರಿ. ಪಟ್ಟಿಯ ಎರಡು ಕೊನೆಗಳು ಪಕ್ಕದ ಹೊಲಿಗೆಯಲ್ಲಿ ತಾವಾಗಿ ಸಿಕ್ಕಿಕೊಳ್ಳುತ್ತವೆ.

ಮೂರನೆಯದು ಲಾಡಿಗೆ ದಾರಿ ಬಿಡುವುದು. ತುಂಡಿನ ನಾಲ್ಕು ಮೂಲೆಗಳಿಂದಲೂ ಉದ್ದದ ಅಂಚಿನ ಮೇಲೆ 4 ಅಂಗುಲ ಕೆಳಗೆ ಗುರುತು ಹಾಕಿ. ಆ ಗುರುತಿನಲ್ಲಿ ಅರ್ಧ ಅಂಗುಲಕ್ಕೆ ಒಂದೆಳೆ ಕಡಿಮೆ ಒಳಕ್ಕೆ ಕತ್ತರಿ ಕೊಡಿ. ಕತ್ತರಿಯ ಮೇಲ್ಭಾಗದ ಅಂಚನ್ನು ಕಾಲಂಗುಲ, ಮತ್ತೆ ಕಾಲಂಗುಲ ಒಳಮೈಗೆ ಮಡಿಸಿ ಹೊಲಿದುಬಿಡಿ. ಇದು ಲಾಡಿ ಹೊರಬರುವ ಕಿಂಡಿ. ಅಂಚು ಮಡಿಸದೆ ಬಿಟ್ಟರೆ ಲಾಡಿ ಆಡಿದಂತೆಲ್ಲ ಎಳೆ ಬಿಚ್ಚಿಕೊಳ್ಳುತ್ತದೆ.

ನಾಲ್ಕನೆಯದು ಪಕ್ಕದ ಹೊಲಿಗೆ. ಹೊರಮೈ ಹೊರಗಿರುವಂತೆಯೇ ತುಂಡನ್ನು ನಡುವೆ ಮಡಿಸಿ, ಕತ್ತರಿಯ ಗುರುತಿನಿಂದ ತಳದವರೆಗೆ, ಅಂಚಿನಿಂದ ಕಾಲಂಗುಲಕ್ಕೆ ಸ್ವಲ್ಪ ಕಡಿಮೆ ಬಿಟ್ಟು ಒಂದು ಹೊಲಿಗೆ ಹಾಕಿ. ಬಳಿಕ ಚೀಲವನ್ನು ಒಳಹೊರಗು ಮಾಡಿ, ಅದೇ ಅಂಚಿನ ಮೇಲೆ ಕಾಲಂಗುಲ ಬಿಟ್ಟು ಇನ್ನೊಂದು ಹೊಲಿಗೆ ಹಾಕಿ. ಹೀಗೆ ಮಾಡಿದರೆ ಕತ್ತರಿಸಿದ ಅಂಚು ಎರಡು ಹೊಲಿಗೆಗಳ ನಡುವೆ ಅಡಗಿಹೋಗುತ್ತದೆ. ರವಿಕೆಯ ಹುಕ್ಕಿಗಾಗಲಿ ಅಂಗಿಯ ಗುಂಡಿಗಾಗಲಿ ತೊಡರುವ ಎಳೆ ಒಂದೂ ಇರುವುದಿಲ್ಲ. ಹೊಲಿಗೆ ಯಂತ್ರವಿಲ್ಲದವರು ಕೈಯಲ್ಲೇ ಹೊಲಿಯಬಹುದು. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆ ಹಾಕಿದರೆ ಯಂತ್ರದ ಹೊಲಿಗೆಯಷ್ಟೇ ಬಾಳುತ್ತದೆ. ಕಿಂಡಿ ಕೊನೆಗೊಂಡು ಹೊಲಿಗೆ ಶುರುವಾಗುವ ಜಾಗದಲ್ಲಿ ನಾಲ್ಕೈದು ಸಾರಿ ಸೂಜಿ ಹಾಯಿಸಿ ಬಿಗಿ ಮಾಡಿ. ಚೀಲ ಹರಿಯುವುದಿದ್ದರೆ ಮೊದಲು ಹರಿಯುವುದು ಅಲ್ಲಿಯೇ.

ಐದನೆಯದು ಬಾಯಿ. ಮೇಲಂಚನ್ನು ಮೊದಲು ಅರ್ಧ ಅಂಗುಲ, ಆಮೇಲೆ ಒಂದೂವರೆ ಅಂಗುಲ ಒಳಮೈಗೆ ಮಡಿಸಿ, ಮಡಿಕೆಯ ಕೆಳ ಅಂಚಿನುದ್ದಕ್ಕೂ ಹೊಲಿಯಿರಿ. ಮುಂಭಾಗದಲ್ಲೊಂದು, ಹಿಂಭಾಗದಲ್ಲೊಂದು ಕೊಳವೆ ಸಿದ್ಧವಾಯಿತು. ಕೊಳವೆಯ ಎರಡು ತುದಿಗಳನ್ನೂ ಮುಚ್ಚದೆ ಬಿಡಬೇಕು.

ಕೊನೆಗೆ ಲಾಡಿ. 50 ಅಂಗುಲದ ಎರಡು ಲಾಡಿಗಳನ್ನು ತೆಗೆದುಕೊಳ್ಳಿ. ಮೊದಲನೆಯದರ ತುದಿಗೆ ಸೇಫ್ಟಿ ಪಿನ್ನು ಚುಚ್ಚಿ ಎಡಗಡೆಯಿಂದ ಮುಂದಿನ ಕೊಳವೆಯೊಳಗೆ ಹೊಗಿಸಿ, ಬಲಗಡೆ ಹೊರಬಂದದ್ದನ್ನು ಹಿಂದಿನ ಕೊಳವೆಯಲ್ಲಿ ತಿರುಗಿಸಿ ತಂದು, ಎಡಗಡೆಯಲ್ಲೇ ಎರಡು ತುದಿಗಳನ್ನೂ ಸೇರಿಸಿ ಗಂಟು ಹಾಕಿ. ಎರಡನೆಯದನ್ನು ಬಲಗಡೆಯಿಂದ ಶುರುಮಾಡಿ ಹಾಗೆಯೇ ಸುತ್ತಿಸಿ ಬಲಗಡೆಯಲ್ಲೇ ಗಂಟು ಹಾಕಿ. ಈಗ ಎರಡು ಗಂಟುಗಳನ್ನೂ ಹಿಡಿದು ಎರಡು ಕಡೆಗೆ ಎಳೆದರೆ ಬಾಯಿ ಸಮನಾಗಿ ಮುಚ್ಚುತ್ತದೆ. ಒಂದೇ ಲಾಡಿ ಹಾಕಿದ ಚೀಲ ಒಂದು ಪಕ್ಕಕ್ಕೆ ವಾಲಿಕೊಂಡು ಮುಚ್ಚುತ್ತದೆ, ಎತ್ತಿದರೂ ವಾಲಿಯೇ ಇರುತ್ತದೆ. ಹಳೆಯ ಸಂಚಿಗೆ ಎರಡು ಕಡೆ ದಾರವಿದ್ದುದರ ಗುಟ್ಟು ಇದೇ.

ಲಾಡಿಯನ್ನು ಅಂಗಡಿಯಿಂದ ತರಬಹುದು. ಇಲ್ಲವೇ ಹಳೆಯ ಸೀರೆಯ ಮೂರು ಪಟ್ಟಿಗಳನ್ನು ಜಡೆಯಂತೆ ಹೆಣೆದುಕೊಳ್ಳಬಹುದು. ಹೆಣೆಯುವಾಗ ಉದ್ದ ಕುಗ್ಗುವುದರಿಂದ ಪಟ್ಟಿಗಳನ್ನು ಬೇಕಾದ ಉದ್ದದ ಒಂದೂವರೆ ಪಟ್ಟು ಕತ್ತರಿಸಿಕೊಳ್ಳಿ. ನೈಲಾನು ಹಗ್ಗ ಜಾರುತ್ತದೆ, ಅದು ಬೇಡ. ಕೆಂಪು, ಕಡುನೀಲಿ ಬಣ್ಣದ ಲಾಡಿಯಾದರೆ ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಒಮ್ಮೆ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಯಜಮಾನರ ಬಿಳಿಯ ಅಂಗಿಗೂ ಹತ್ತುತ್ತದೆ. ಮಗುವಿನ ಚೀಲಕ್ಕೆ 40 ಅಂಗುಲದ ಲಾಡಿಯೇ ಸಾಕು. ಉದ್ದವಾದ ಲಾಡಿಯನ್ನು ಎಳೆಯ ಮಕ್ಕಳು ಆಟಕ್ಕೆ ಕೊರಳಿಗೆ ಹಾಕಿಕೊಂಡರೆ ಅಪಾಯ. ತೊದಲು ನುಡಿಯುವ ಮಕ್ಕಳಿರುವ ಮನೆಯಲ್ಲಿ ಎಲ್ಲ ಚೀಲಗಳೂ ಅವರ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ.

ಚೀಲವಾಯಿತು. ಈಗ ಚಿತ್ತಾರದ ಮಾತು. ಕೊಳೆಬಟ್ಟೆ ಹಾಕುವ ಚೀಲಕ್ಕೆ ಅಲಂಕಾರ ಯಾಕೆ ಎಂದು ನಗುವವರಿದ್ದಾರೆ. ಅವರಿಗೆ ನಾನು ಮಡಿವಾಳರ ಗುರುತಿನ ವಿಚಾರ ಹೇಳುತ್ತೇನೆ. ಹಿಂದೆ ಊರಿನ ಹತ್ತಾರು ಮನೆಗಳ ಬಟ್ಟೆ ಒಂದೇ ಹೊಳೆಯ ದಂಡೆಗೆ, ಒಂದೇ ಕಲ್ಲಿಗೆ ಹೋಗುತ್ತಿತ್ತು. ಆದರೂ ಶಾನುಭೋಗರ ಪಂಚೆ ಪಟೇಲರ ಮನೆಗೆ ಹೋಗುತ್ತಿರಲಿಲ್ಲ. ಯಾಕೆಂದರೆ ಒಂದೊಂದು ಮನೆಗೂ ಒಂದೊಂದು ಗುರುತು. ಒಂದು ಚುಕ್ಕೆ, ಎರಡು ಗೀಟು, ಒಂದು ಕತ್ತರಿ ಗುರುತು, ಹೀಗೆ. ಅಂಚಿನ ಮೂಲೆಯಲ್ಲಿ ಕರಿಗೇರಿನ ರಸಕ್ಕೆ ಸುಣ್ಣ ಸೇರಿಸಿ ಹಾಕಿದ ಆ ಗುರುತು ಎಷ್ಟು ಒಗೆದರೂ ಅಳಿಯುತ್ತಿರಲಿಲ್ಲ. ಆ ರಸ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಆದ್ದರಿಂದ ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ. ನಾನು ಹೇಳಬೇಕೆಂದಿರುವುದು ಆ ಉಪಾಯದ ಮಾತು. ಓದು ಬರಹವಿಲ್ಲದೆ, ಪಟ್ಟಿ ಪುಸ್ತಕವಿಲ್ಲದೆ, ಒಂದು ಚುಕ್ಕೆ ಒಂದು ಗೀಟಿನಿಂದ ಅವರು ಇಡೀ ಊರಿನ ಲೆಕ್ಕವನ್ನು ಇಟ್ಟರು. ನಮ್ಮ ಚೀಲದ ಚಿತ್ತಾರವೂ ಅಂಥ ಗುರುತೇ ಆಗಬೇಕು. ಇದು ಯಾರ ಚೀಲ ಎಂದು ಅದು ದೂರದಿಂದಲೇ ಹೇಳಬೇಕು.

ಆದ್ದರಿಂದ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೀಲ, ಒಂದೊಂದು ಚೀಲಕ್ಕೆ ಒಂದೊಂದು ಗುರುತು. ಗುರುತನ್ನು ನೀವೇ ನಿಶ್ಚಯಿಸಬೇಡಿ, ಅವರವರನ್ನೇ ಕೇಳಿ. ಅಜ್ಜನವರಿಗೆ ಕೊಡೆ, ಮಗನಿಗೆ ಸೈಕಲ್ಲು, ಮಗಳಿಗೆ ಗಿಳಿ, ಯಜಮಾನರಿಗೆ ಕಾಫಿ ಲೋಟವಾದರೂ ಸರಿಯೇ. ತಾನೇ ಆರಿಸಿದ ಗುರುತಾದರೆ ಅದು ತನ್ನದೆಂಬ ಅಭಿಮಾನ ಹುಟ್ಟುತ್ತದೆ. ಅಕ್ಷರ ಬಾರದ ಮಗುವೂ ತನ್ನ ಗಿಳಿಯನ್ನು ಗುರುತಿಸುತ್ತದೆ. ಕಣ್ಣು ಮಂಜಾದ ಅಜ್ಜಿಯ ಚೀಲದ ಮೇಲೆ ನಾಲ್ಕು ದೊಡ್ಡ ಗುಂಡಿಗಳನ್ನು ಸಾಲಾಗಿ ಹೊಲಿಯಿರಿ. ಕೈಯಿಂದ ಸವರಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ.

ಗುರುತು ಎಲ್ಲಿರಬೇಕು? ಬಾಯಿಯ ಹತ್ತಿರ ಹಾಕಿದರೆ ಲಾಡಿ ಎಳೆದಾಗ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ತಳದ ಹತ್ತಿರ ಹಾಕಿದರೆ ಉಜ್ಜಿ ಸವೆಯುತ್ತದೆ. ಬಾಯಿಯಿಂದ ಒಂದು ಗೇಣು ಕೆಳಗೆ, ನಟ್ಟನಡುವೆ ಇರಲಿ. ಹೊಲಿಯುವುದಕ್ಕೆ ಮುಂಚೆ ಅಳೆಯುವುದಾದರೆ ಕತ್ತರಿಸಿದ ಅಂಚಿನಿಂದ 11 ಅಂಗುಲ ಕೆಳಗೆ.

ಯಾವ ಕಸೂತಿ ಒಳ್ಳೆಯದು? ಧಾರವಾಡದ ಕಡೆಯ ಕಸೂತಿಗಿಂತ ಮಿಗಿಲಾದುದನ್ನು ನಾನು ಕಾಣೆ. ಇಲಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಖಣದ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಗಿಳಿಗಳನ್ನು ಅಲ್ಲಿನ ಹೆಣ್ಣುಮಕ್ಕಳು ತೆಗೆಯುವುದನ್ನು ನೀವು ನೋಡಿರಬಹುದು. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯಬೇಕು. ದಾರಕ್ಕೆ ಗಂಟನ್ನೂ ಹಾಕುವುದಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹಾಯುತ್ತ ಗೆರೆಯ ಕೊನೆಯವರೆಗೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಹೀಗಾಗಿ ಬಟ್ಟೆಯ ಎರಡು ಮೈಯಲ್ಲೂ ಚಿತ್ತಾರ ಒಂದೇ ತೆರನಾಗಿ ಕಾಣುತ್ತದೆ. ಮುರಗಿಯೂ ಹಾಗೆಯೇ, ಗೆರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಯ್ಗಿ ನೇಯ್ದಂತೆಯೇ ತೋರುತ್ತದೆ. ಮೆಂತಿ ಎಂದರೆ ಅಡ್ಡಕತ್ತರಿಯ ಹೊಲಿಗೆ.

ನಮ್ಮ ಚೀಲಕ್ಕೆ ಗವಂತಿ ಮುರಗಿಗಳೇ ತಕ್ಕವು. ಅದಕ್ಕೆ ಚೆಲುವಿನ ಕಾರಣಕ್ಕಿಂತ ಉಪಯೋಗದ ಕಾರಣವೇ ದೊಡ್ಡದು. ಹಿಂಬದಿಯಲ್ಲಿ ಸಡಿಲವಾದ ಉದ್ದ ಎಳೆಗಳು ಇರುವುದಿಲ್ಲವಾದ್ದರಿಂದ ಒಳಗೆ ಹಾಕಿದ ಬಟ್ಟೆಯ ಗುಂಡಿ, ಜಿಪ್ಪು ಯಾವುದೂ ಸಿಕ್ಕಿಕೊಳ್ಳುವುದಿಲ್ಲ. ಚೀಲವನ್ನು ಒಳಹೊರಗು ಮಾಡಿ ಒಗೆಯಲು ಹಾಕಿದಾಗಲೂ ಗುರುತು ಕಾಣುತ್ತಲೇ ಇರುತ್ತದೆ. ಪಾಪ್ಲಿನ್ನಿನಂಥ ನುಣುಪು ಬಟ್ಟೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ಅಂಥ ಕಡೆ ಅಂಗೈಯಗಲದ ಖಾದಿಯ ತುಂಡಿನ ಮೇಲೆ ಕಸೂತಿ ತೆಗೆದು, ಅದನ್ನು ಚೀಲದ ಮೇಲೆ ತೇಪೆಯಂತೆ ಕೂರಿಸಿ ಅಂಚು ಹೊಲಿದರಾಯಿತು. ಚೀಲ ಹರಿದರೆ ಆ ತೇಪೆಯನ್ನು ಬಿಚ್ಚಿ ಹೊಸ ಚೀಲಕ್ಕೆ ಹಚ್ಚಲೂಬಹುದು.

ಕಸೂತಿ ಬಾರದವರು ಹಿಂಜರಿಯಬೇಕಾಗಿಲ್ಲ. ಬಣ್ಣದ ಚಿಂದಿಗಳಲ್ಲೇ ಬೇಕಾದಷ್ಟು ಬೆಡಗಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಕೌದಿ ಮುಗಿಯುವಾಗ ನಾಲ್ಕು ಮೂಲೆಗೂ ಬಣ್ಣದ ತುಂಡುಗಳನ್ನು ಮೂರು ಮೂಲೆಯಾಗಿ ಮಡಿಸಿ ಹೂವಿನಂತೆ ಇಡುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿದಾದ ಕೌದಿ. ದಿನವೂ ಹೊದ್ದು ಹಾಸುವ ವಸ್ತುವಿಗೆ ಅವರು ತೋರುವ ಆ ಆದರವನ್ನು ನಾವೂ ಕಲಿಯಬಹುದು. ಲಂಬಾಣಿಗರ ಕನ್ನಡಿ ಕವಡೆಗಳ ಕೆಲಸವೂ ಬಹಳ ಸೊಗಸು, ಆದರೆ ಈ ಚೀಲಕ್ಕೆ ಅದು ಸಲ್ಲದು. ಚೀಲವನ್ನು ವಾರಕ್ಕೊಮ್ಮೆ ಒಗೆಯಬೇಕು. ಕನ್ನಡಿ ಒಡೆಯುತ್ತದೆ, ಬಟ್ಟೆಯೂ ಗೀರುತ್ತದೆ.

ಹೀಗೆ ಚೀಲಗಳು ಸಿದ್ಧವಾದ ಮೇಲೆ ಮನೆಯಲ್ಲಿ ಒಂದು ಕಟ್ಟಳೆ ಹಾಕಿ. ಚೀಲದೊಳಗೆ ಬಂದ ಬಟ್ಟೆ ಒಗೆಯಲ್ಪಡುತ್ತದೆ, ಚೀಲದ ಹೊರಗೆ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಜೇಬಿನಲ್ಲಿರುವ ಚಿಲ್ಲರೆ, ಬಸ್ಸಿನ ಚೀಟಿ, ಪೆನ್ನು ಎಲ್ಲವನ್ನೂ ತೆಗೆದು ಹಾಕುವ ಹೊಣೆ ಆ ಚೀಲದವರದು. ಒಗೆಯುವ ದಿನ ತಮ್ಮ ತಮ್ಮ ಚೀಲವನ್ನು ಬಚ್ಚಲಿಗೋ ಯಂತ್ರದ ಬಳಿಗೋ ತಂದಿಡುವವರೂ ಅವರೇ. ಚೀಲವನ್ನು ಬರಿದು ಮಾಡಿ ಅದನ್ನೂ ಬಟ್ಟೆಯ ಜೊತೆಗೇ ಒಗೆಯಲು ಹಾಕಿ, ಬಿಸಿಲಿನಲ್ಲಿ ಒಣಗಿಸಿ, ತಿರುಗಿ ಗೂಟಕ್ಕೆ ನೇತುಹಾಕಬೇಕು. ಬಣ್ಣ ಬಿಡುವ ಹೊಸ ಕೈಮಗ್ಗದ ಬಟ್ಟೆಗೆ ಬೇರೊಂದು ಚೀಲವಿರಲಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಅವರ ಬಟ್ಟೆಗೂ ಬೇರೆ ಚೀಲ, ಪ್ರತಿ ಸಾರಿಯೂ ಆ ಚೀಲವನ್ನೂ ಒಗೆಯುವುದು. ಯಂತ್ರವಿರುವವರು ತೆಳುವಾದ ಮಲ್ ಬಟ್ಟೆಯಲ್ಲಿ ಒಂದು ಪುಟ್ಟ ಲಾಡಿಚೀಲ ಮಾಡಿ, ಒಳಉಡುಪುಗಳನ್ನೂ ಹುಕ್ಕಿರುವ ರವಿಕೆಗಳನ್ನೂ ಅದರಲ್ಲಿ ಹಾಕಿ ಬಾಯಿ ಬಿಗಿದು ಯಂತ್ರಕ್ಕೆ ಬಿಟ್ಟರೆ ಉಳಿದ ಬಟ್ಟೆ ಹರಿಯುವುದು ತಪ್ಪುತ್ತದೆ.

ಮೊದಲ ವಾರ ನಿಮ್ಮ ಕಟ್ಟಳೆ ನಡೆಯುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗನ ಕಾಲುಚೀಲ ಮಂಚದ ಕೆಳಗೇ ಇರುತ್ತದೆ. ಅದನ್ನು ನೋಡಿಯೂ ನೋಡದಂತೆ ಇರುವುದೇ ಈ ಕೆಲಸದಲ್ಲೆಲ್ಲ ಕಷ್ಟವಾದ ಭಾಗ. ಹೊಲಿಗೆಗಿಂತ, ಕಸೂತಿಗಿಂತ ಕಷ್ಟ. ಬಗ್ಗಿ ಎತ್ತಿಕೊಂಡಿರೋ, ನಿಮ್ಮ ಚೀಲ ಬರಿಯ ಗೋಡೆಯ ಅಲಂಕಾರವಾಯಿತು. ಎತ್ತದೆ ಬಿಟ್ಟರೆ ಮುಂದಿನ ಸೋಮವಾರ ಶಾಲೆಗೆ ಹೊರಡುವಾಗ ಒಗೆದ ಕಾಲುಚೀಲ ಸಿಕ್ಕದೆ ಅವನಿಗೇ ಬುದ್ಧಿ ಬರುತ್ತದೆ. ಯಜಮಾನರ ಅಂಗಿಯ ವಿಷಯದಲ್ಲೂ ಇದೇ ನ್ಯಾಯ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಪಟ್ಟು ಏಕೆ ಎಂದು ತೋರಬಹುದು. ಭಾರತ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಡುವುದು 88 ನಿಮಿಷ. ಎಂದರೆ ಹೆಣ್ಣಿಗೆ ಹತ್ತಿರ ಹತ್ತಿರ ಐದು ಗಂಟೆ, ಗಂಡಿಗೆ ಒಂದೂವರೆ ಗಂಟೆ. ಆ ಐದು ಗಂಟೆ ಒಂದೇ ದೊಡ್ಡ ಕೆಲಸದಲ್ಲಿ ಹೋಗುವುದಿಲ್ಲ. ಬಗ್ಗಿ ಎತ್ತುವುದು, ಹುಡುಕುವುದು, ಬೇರೆ ಮಾಡುವುದು, ಜೇಬು ನೋಡುವುದು, ಕೇಳಿದವರಿಗೆ ತಂದುಕೊಡುವುದು, ಇಂಥ ಲೆಕ್ಕಕ್ಕೆ ಬಾರದ ಚೂರುಪಾರು ಕೆಲಸಗಳಲ್ಲಿಯೂ ಅದು ಸೋರಿಹೋಗುತ್ತದೆ. ಒಂದು ಲಾಡಿಚೀಲ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆಂದು ನಾನು ಹೇಳುವುದಿಲ್ಲ. ಆದರೆ ಸೋರುವ ಒಂದು ತೂತನ್ನು ಅದು ಮುಚ್ಚುತ್ತದೆ. ಮುಚ್ಚಿದ ಹತ್ತು ನಿಮಿಷ ನಿಮ್ಮದು. ಅದರಲ್ಲಿ ಓದಿ, ಹಾಡು ಕೇಳಿ, ಇಲ್ಲವೇ ಸುಮ್ಮನೆ ಕುಳಿತುಕೊಳ್ಳಿ. ಯಾರಿಗೂ ಅದರ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಇನ್ನೊಂದು ಮಾತು. ಈ ಚೀಲ ಹೊಲಿಯುವುದನ್ನು ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಬೇಡಿ. ಊರಿನ ಅಂಗಡಿಯಲ್ಲಿ ಕುಳಿತು ನಮ್ಮ ರವಿಕೆ ಹೊಲಿದುಕೊಡುವ ದರ್ಜಿ ಬಹುಪಾಲು ಗಂಡಸೇ ಅಲ್ಲವೇ? ಗಂಡಸಿನ ಕೈಗೆ ಸೂಜಿ ಒಗ್ಗುವುದಿಲ್ಲವೆಂಬುದು ಬರಿಯ ನೆವ. ಹತ್ತು ಹನ್ನೆರಡು ವಯಸ್ಸಿನ ಹುಡುಗ ಒಂದು ರಜೆಯ ದಿನದಲ್ಲಿ ಈ ಚೀಲವನ್ನು ಹೊಲಿಯಬಲ್ಲ. ನೇರವಾದ ಹೊಲಿಗೆಯನ್ನು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಮುಂದೆ ಅವನು ಓದಿಗೆಂದು ಧಾರವಾಡಕ್ಕೋ ಮೈಸೂರಿಗೋ ಹೋಗಿ ಹಾಸ್ಟೆಲಿನಲ್ಲಿ ನಿಂತಾಗ, ತನ್ನ ಗುರುತಿನ ಚೀಲ ತನ್ನ ಕೈಯದೇ ಆಗಿರುತ್ತದೆ. ಮಗಳಾದರೂ ಅಷ್ಟೆ. ಇಬ್ಬರೂ ತಮ್ಮ ಕೊಳೆಬಟ್ಟೆ ತಮ್ಮ ಹೊಣೆಯೆಂದು ತಿಳಿದು ಮನೆಯಿಂದ ಹೊರಟರೆ, ನಾಳೆ ಅವರು ಕಟ್ಟುವ ಮನೆಗಳಲ್ಲಿ ಬಕೆಟ್ಟು ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುವವರು ಒಬ್ಬರು ಕಡಿಮೆಯಾದಾರು.

ಹಳೆಯ ಸೀರೆಯೊಂದು ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿ ತೆಗೆದುಕೊಳ್ಳಿ. ಮೊದಲ ಚೀಲ ನಿಮಗಾಗಿಯೇ ಇರಲಿ, ಅದರ ಮೇಲಿನ ಗುರುತನ್ನು ನೀವೇ ಆರಿಸಿಕೊಳ್ಳಿ.